ತೆಂಗಿನ ಮರ ಒಂದೇ ರಾತ್ರಿಯಲ್ಲಿ ಸಾಯುತ್ತದೆಯೇ?

ನಿನ್ನೆಯವರೆಗೂ ಹಸಿರಾಗಿದ್ದ ತೆಂಗಿನ ಮರದ ತಲೆ ಇಂದು ಮುರಿದು ಬಿದ್ದರೆ ‘ದೃಷ್ಟಿ ತಾಗಿತು’, ‘ಗಾಳಿಗೆ ಮುರಿಯಿತು’ ಎಂಬ ಮಾತು ಕೇಳುತ್ತೇವೆ. ಮುರಿದ ಕಾಂಡದೊಳಗೆ ನೋಡಿದರೆ ಹಲವು ಸಲ ಕಾಣುವುದು ಬೇರೆಯೇ: ಕೊಳೆತ ನಾರು, ಸುರಂಗಗಳು, ಕಾಲಿಲ್ಲದ ದಪ್ಪ ಬಿಳಿ ಮರಿಹುಳುಗಳು. ಇದು ಕೆಂಪು ಮೂತಿ ಹುಳುವಿನ ಕೆಲಸ. ಒಂದು ರಾತ್ರಿಯದಲ್ಲ, ತಿಂಗಳುಗಳದ್ದು.

ಸುಮಾರು 3 ಸೆಂ.ಮೀ. ಉದ್ದದ ಹೆಣ್ಣು ಹುಳು ಮರದ ಗಾಯಗಳಲ್ಲಿ ಒಟ್ಟು 200ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಕೆಲವೇ ದಿನಗಳಲ್ಲಿ ಹೊರಬರುವ ಮರಿಗಳು ತಿರುಳನ್ನು ಕೊರೆಯುತ್ತಾ ಒಳಗಿಳಿಯುತ್ತವೆ. ನಾರಿನ ಗೂಡು ಕಟ್ಟಿ, ಅದರೊಳಗೆ ರೂಪಾಂತರಗೊಂಡು ಹುಳುವಾಗುತ್ತವೆ.

ಮಾವಿನ ಮರಕ್ಕೆ ಗಾಯವಾದರೆ ಹೊಸ ತೊಗಟೆ ಬೆಳೆದು ಮುಚ್ಚುತ್ತದೆ. ತೆಂಗಿಗೆ ಆ ಶಕ್ತಿಯಿಲ್ಲ. ಅದಕ್ಕೆ ಬೆಳೆಯುವ ಸುಳಿಯೂ ಒಂದೇ. ಹತ್ತಲು ಕಡಿದ ಮೆಟ್ಟಿಲು, ಬುಡಕ್ಕೆ ಕತ್ತರಿಸಿದ ಹಸಿ ಗರಿ ಇವೆಲ್ಲ ನಾವೇ ತೆರೆದಿಟ್ಟ ಬಾಗಿಲುಗಳು. ಕೊಂಬಿನ ದುಂಬಿ ಸುಳಿಯಲ್ಲಿ ಮಾಡುವ ತೂತೂ ಅಂಥದ್ದೇ. ಇವೆರಡೂ ಒಂದೇ ಕೀಟವೆಂಬುದು ತಪ್ಪು: ಆ ದುಂಬಿಯ ಮರಿ ಗೊಬ್ಬರದ ಗುಂಡಿಯಲ್ಲಿ ಬೆಳೆಯುತ್ತದೆ, ಮೂತಿ ಹುಳುವಿನ ಮರಿ ಮರದೊಳಗೇ ಬೆಳೆಯುತ್ತದೆ.

ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾ ಮೂಲದ ಈ ಹುಳು 1980ರ ದಶಕದಲ್ಲಿ ಕೊಲ್ಲಿ ದೇಶಗಳ ಖರ್ಜೂರದ ತೋಟಗಳನ್ನು, 1990ರ ದಶಕದಲ್ಲಿ ಸ್ಪೇನನ್ನು ತಲುಪಿತು. ಅಷ್ಟು ದೂರ ಅದು ಹಾರಿಹೋಗಲಿಲ್ಲ. ಸೋಂಕು ತಗುಲಿದ ಸಸಿ, ಮರಗಳನ್ನು ಮನುಷ್ಯರೇ ಸಾಗಿಸಿದರು.

‘ಮೋಹಕ ಬಲೆ ಕಟ್ಟಿದರೆ ಸಾಕು’ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬಲೆಗೆ ಬೀಳುವುದು ಹಾರಾಡುವ ಹುಳುಗಳು ಮಾತ್ರ. ಕಾಂಡದೊಳಗಿನ ಮರಿಗಳಿಗೆ ಅದರಿಂದ ಏನೂ ಆಗದು. ಒಬ್ಬರ ತೋಟದಲ್ಲಿ ಕಟ್ಟುವುದಕ್ಕಿಂತ ಸುತ್ತಲಿನವರೆಲ್ಲ ಸೇರಿ ಕಟ್ಟಿದರೆ ಹೆಚ್ಚು ಪ್ರಯೋಜನ.

ಹಾಗಾದರೆ ಏನು ಮಾಡಬೇಕು? ಕಾಂಡದ ತೂತಿನಿಂದ ಕಂದು ರಸ ಸೋರುವುದು, ಅಗಿದ ನಾರು ಹೊರಬರುವುದು, ಒಳಗರಿ ಹಳದಿಯಾಗುವುದು ಕಂಡರೆ ತಡಮಾಡದೆ ಕೃಷಿ ಅಧಿಕಾರಿಗಳನ್ನು ಕೇಳಿ. ಹಸಿ ಗರಿ ಕಡಿಯಲೇಬೇಕಾದರೆ ಕಾಂಡದಿಂದ ಸುಮಾರು ಒಂದು ಮೀಟರ್ ಉಳಿಸಿ ಕಡಿಯಿರಿ. ಸತ್ತ ಮರವನ್ನು ತೋಟದಲ್ಲೇ ಬಿಡಬೇಡಿ. ಸೀಳಿ, ಒಳಗಿರುವ ಮರಿ, ಗೂಡುಗಳ ಸಮೇತ ಸುಟ್ಟುಬಿಡಿ. ಇಲ್ಲದಿದ್ದರೆ ಅದರಿಂದ ಹೊರಬರುವ ಹುಳುಗಳು ಪಕ್ಕದ ಮರದ ಗಾಯವನ್ನು ಹುಡುಕಿ ಹೋಗುತ್ತವೆ.