ಬಂದರೆ ಮನೆ, ಬರದಿದ್ದರೆ ದಾನ

ಇಂಗ್ಲೆಂಡಿನ ಲೆಸ್ಟರ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನನ್ನ ಅಕ್ಕನ ಮಗಳು ಭಾನುವಾರ ಫೋನ್ ಮಾಡಿದರೆ ಮಾತು ಮಳೆಯಿಂದ ಶುರುವಾಗಿ, ನೈಟ್ ಡ್ಯೂಟಿಗೆ ಹೊರಳಿ, ಕೊನೆಗೆ ಮನೆ ಬಾಡಿಗೆಗೆ ಬಂದು ನಿಲ್ಲುತ್ತದೆ. ಮೊನ್ನೆ ಅವಳು ಮನೆಯನ್ನೇ ಬಹುಮಾನವಾಗಿಟ್ಟ ಒಂದು ಡ್ರಾದ ವಿಡಿಯೊ ಕಳಿಸಿದ್ದಳು. ಕಾರ್ನ್‌ವಾಲ್‌ನ ಕಡಲಂಚಿನಲ್ಲಿ ಗಾಜಿನ ಗೋಡೆಯ ಮನೆ. ಅಡುಗೆಮನೆಯೊಂದೇ ಅವಳು ಬಾಡಿಗೆಗಿರುವ ಇಡೀ ಫ್ಲ್ಯಾಟಿನಷ್ಟಿತ್ತು. “ಚಿಕ್ಕಮ್ಮ, ಹತ್ತು ಪೌಂಡ್ ತಾನೆ. ಬಂದರೆ ಮನೆ, ಬರದಿದ್ದರೆ ಕಾಯಿಲೆಯವರಿಗೆ ದಾನ. ಯಾವ ಕಡೆಯಿಂದ ನೋಡಿದರೂ ನಷ್ಟ ಏನಿದೆ?” ಎಂದಳು.

ಒಳ್ಳೆಯ ಮನಸ್ಸಿನ ಮಾತು. ಬ್ರಿಟನ್‌ನಲ್ಲಿ ಲಕ್ಷಾಂತರ ಜನ ಈ ಮಾತನ್ನೇ ಹೇಳಿಕೊಂಡು ದುಡ್ಡು ಕಟ್ಟುತ್ತಾರೆ. ಆದರೆ ಇದರಲ್ಲಿ ಎರಡು ಲೆಕ್ಕಗಳು ಒಂದಕ್ಕೊಂದು ಅಂಟಿಕೊಂಡಿವೆ: ಮನೆಯದೊಂದು, ದಾನದ್ದೊಂದು. ಅಂಟು ಬಿಡಿಸಿ ಒಂದೊಂದನ್ನೇ ನೋಡಿದರೆ ಮಾತ್ರ ಅವಳ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮನೆಯನ್ನೇ ಬಹುಮಾನವಾಗಿಟ್ಟು ಚೀಟಿ ಎತ್ತುವುದು ಬ್ರಿಟನ್‌ಗೆ ಹೊಸದೇನಲ್ಲ. 2017ರಲ್ಲಿ ಲ್ಯಾಂಕಾಷೈರ್‌ನ ಮೆಲ್ಲಿಂಗ್ ಮ್ಯಾನರ್ ಎಂಬ ಹಳೆಯ ಬಂಗಲೆಯನ್ನು ಅದರ ಮಾಲೀಕರು ಎರಡು ಪೌಂಡಿನ ಟಿಕೆಟ್ ಮಾರಿ ಡ್ರಾ ಮೂಲಕ ಕೊಟ್ಟಾಗ ದೊಡ್ಡ ಸುದ್ದಿಯಾಗಿತ್ತು. ಅದನ್ನು ನೋಡಿ ಹಲವರು ತಮ್ಮ ಮನೆಗಳನ್ನೂ ಹೀಗೇ ಇಟ್ಟರು. ಟಿಕೆಟ್ ಸಾಕಷ್ಟು ಹೋಗದ ಕಡೆ ಮನೆಯ ಬದಲು ಅದಕ್ಕಿಂತ ತೀರಾ ಕಡಿಮೆ ನಗದು ಕೊಟ್ಟು ಕೈತೊಳೆದುಕೊಂಡದ್ದೂ ಉಂಟು. ಆಮೇಲೆ ಇದು ದೊಡ್ಡ ಕಂಪನಿಗಳ ವ್ಯವಹಾರವಾಯಿತು. ಅಮೆರಿಕದಲ್ಲಿ 2012ರಲ್ಲಿ ಹುಟ್ಟಿದ ಓಮೇಜ್ ಎಂಬ ಕಂಪನಿ 2020ರಲ್ಲಿ ಬ್ರಿಟನ್‌ಗೆ ಬಂತು. ಅದರ ಡ್ರಾಗಳಲ್ಲಿ ಸೇರಿದ ಹಣದ ಒಂದು ಪಾಲು ದತ್ತಿ ಸಂಸ್ಥೆಗೆ ಹೋಗುತ್ತದೆ. ಬ್ರಿಟನ್‌ನ ಮೊದಲ ಮನೆ ಡ್ರಾದ ದಾನ ಟೀನೇಜ್ ಕ್ಯಾನ್ಸರ್ ಟ್ರಸ್ಟ್‌ಗೆ ಹೋಯಿತು. ಈಗ ಬಹುಮಾನದ ಮನೆಗಳು ಇಪ್ಪತ್ತು ಲಕ್ಷ ಪೌಂಡಿನಿಂದ ಐವತ್ತು ಲಕ್ಷ ಪೌಂಡಿನವರೆಗೆ ಬೆಲೆಬಾಳುತ್ತವೆ. ಗೆದ್ದವರಿಗೆ ಸಾಲದ ಹೊರೆಯಿಲ್ಲ, ಮುದ್ರಾಂಕ ಶುಲ್ಕವಿಲ್ಲ, ವಕೀಲರ ಫೀಸಿಲ್ಲ, ಒಳಗೆ ಸೋಫಾದಿಂದ ಚಮಚದವರೆಗೆ ಎಲ್ಲ ಇದೆ. ಮನೆ ನಡೆಸಲಿಕ್ಕೆಂದು ಕೈಗೆ ಒಂದಿಷ್ಟು ನಗದೂ ಸಿಗುತ್ತದೆ. ಇಲ್ಲಿ ಮೋಸವಿಲ್ಲ. ಮನೆ ನಿಜ, ಗೆದ್ದವರು ನಿಜ, ದತ್ತಿ ಸಂಸ್ಥೆಗೆ ಸೇರಿದ ಹಣವೂ ನಿಜ.

ಹಾಗಾದರೆ ಇದು ಲಾಟರಿಯೇ? ಕಾನೂನಿನ ಪ್ರಕಾರ ಅಲ್ಲ. ಇದರ ಕೀಲು ಒಂದು ಪೋಸ್ಟ್‌ಕಾರ್ಡಿನಲ್ಲಿದೆ. ಗ್ರೇಟ್ ಬ್ರಿಟನ್‌ನ 2005ರ ಜೂಜು ಕಾಯ್ದೆಯಂತೆ ಒಂದು ಆಟ ಲಾಟರಿ ಅನಿಸಿಕೊಳ್ಳಬೇಕಾದರೆ ಆಡಲು ದುಡ್ಡು ಕೊಡಲೇಬೇಕಾಗಿರಬೇಕು. ದುಡ್ಡು ಕೊಡದೆ ಸಾಮಾನ್ಯ ಅಂಚೆಯಲ್ಲಿ ಹೆಸರು ಕಳಿಸಿಯೂ ಸೇರಬಹುದು, ಹಾಗೆ ಸೇರಿದವರನ್ನು ದುಡ್ಡು ಕೊಟ್ಟವರಿಗೆ ಸಮನಾಗಿಯೇ ಕಾಣುತ್ತಾರೆ ಎಂದಾದರೆ ಅದು ಉಚಿತ ಡ್ರಾ. ಅದಕ್ಕೆ ಜೂಜು ಆಯೋಗದ ಲೈಸೆನ್ಸ್ ಬೇಡ. ಅಂಚೆಗೆ ಕೊಡುವ ಸಾಮಾನ್ಯ ದರವನ್ನು ಕಾಯ್ದೆ ಶುಲ್ಕವೆಂದು ಎಣಿಸುವುದಿಲ್ಲ. ಜಾಹೀರಾತಿನ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಅಂಚೆ ಮೂಲಕ ಉಚಿತ ಪ್ರವೇಶವೂ ಇದೆ’ ಎಂದು ಬರೆದಿರುವುದು ಬಡವರ ಮೇಲಿನ ಕರುಣೆಯಿಂದಲ್ಲ. ಇಡೀ ವ್ಯವಹಾರ ನಿಂತಿರುವುದೇ ಆ ಸಾಲಿನ ಮೇಲೆ.

ಈ ದಾರಿ ಏಕೆ ಬೇಕಾಯಿತು ಎಂಬುದು ಇನ್ನೂ ಮುಖ್ಯ. ಬ್ರಿಟನ್‌ನ ದತ್ತಿ ಸಂಸ್ಥೆಗಳು ತಾವೇ ಲಾಟರಿ ನಡೆಸಬಹುದು, ಬಹಳ ಕಾಲದಿಂದ ನಡೆಸುತ್ತಲೂ ಇವೆ. ಆದರೆ ಆ ಲಾಟರಿಗೆ ಎರಡು ಕಟ್ಟುಗಳಿವೆ. ಟಿಕೆಟ್ ಮಾರಿದ ಒಟ್ಟು ಹಣದಲ್ಲಿ ಕನಿಷ್ಠ ಶೇ 20 ಸತ್ಕಾರ್ಯಕ್ಕೆ ಹೋಗಲೇಬೇಕು, ಖರ್ಚು ಕಳೆದು ಉಳಿದದ್ದರಲ್ಲಿ ಅಲ್ಲ, ಒಟ್ಟು ಹಣದಲ್ಲಿ. ಇನ್ನೊಂದು, 2020ರಲ್ಲಿ ಮಿತಿಯನ್ನು ಏರಿಸಿದ ಮೇಲೂ ಒಂದು ಡ್ರಾದಲ್ಲಿ ಐವತ್ತು ಲಕ್ಷ ಪೌಂಡಿಗಿಂತ ಹೆಚ್ಚು ಟಿಕೆಟ್ ಮಾರುವಂತಿಲ್ಲ, ಅತಿ ದೊಡ್ಡ ಬಹುಮಾನ ಐದು ಲಕ್ಷ ಪೌಂಡ್ ದಾಟುವಂತಿಲ್ಲ. ನಲವತ್ತು ಲಕ್ಷ ಪೌಂಡಿನ ಮನೆ ಈ ಚೌಕಟ್ಟಿನೊಳಗೆ ಹಿಡಿಸುವುದೇ ಇಲ್ಲ. ಪೋಸ್ಟ್‌ಕಾರ್ಡಿನ ಬಾಗಿಲಿನಿಂದ ಹೊರಗೆ ಬಂದ ಡ್ರಾಕ್ಕೆ ಬಹುಮಾನದ ಮಿತಿಯಿಲ್ಲ, ಮಾರಾಟದ ಮಿತಿಯಿಲ್ಲ, ಶೇ 20ರ ಕಡ್ಡಾಯವೂ ಇಲ್ಲ.

ಈಗ ಮನೆಯ ಲೆಕ್ಕ. ಜಾಹೀರಾತಿನಲ್ಲಿ ಮನೆಯ ಬೆಲೆ ಎದ್ದು ಕಾಣುತ್ತದೆ, ಎಷ್ಟು ಮಲಗುವ ಕೋಣೆ, ಎಷ್ಟು ಎಕರೆ ತೋಟ ಎಲ್ಲವೂ ಗೊತ್ತಾಗುತ್ತದೆ. ಕಾಣದೇ ಇರುವುದು ಒಂದೇ ಸಂಖ್ಯೆ: ಈ ಮನೆಗೆ ಒಟ್ಟು ಎಷ್ಟು ಎಂಟ್ರಿಗಳು ಪೈಪೋಟಿಗಿವೆ ಎಂಬುದು. ಮನೆ ಒಂದೇ, ಮಾರಾಟಕ್ಕೆ ಮಿತಿಯಿಲ್ಲ. ಆದ್ದರಿಂದ ಡ್ರಾ ಎಷ್ಟು ಜನಪ್ರಿಯವಾದರೆ ನಿಮ್ಮ ಚೀಟಿ ಅಷ್ಟು ತೆಳುವಾಗುತ್ತದೆ. ನೀವು ದುಡ್ಡು ಕಟ್ಟಿದ ಮರುದಿನ ಟಿವಿಯಲ್ಲಿ ಹೊಸ ಜಾಹೀರಾತು ಬಂದರೆ ನಿಮ್ಮ ಪಾಲು ಸವೆಯಿತು ಎಂದೇ ಅರ್ಥ.

ಲೆಕ್ಕಕ್ಕಾಗಿ ನಾನೇ ಒಂದು ಸಂಖ್ಯೆ ಇಟ್ಟುಕೊಳ್ಳುತ್ತೇನೆ. ಎರಡು ಕೋಟಿ ಪೌಂಡಿನ ಟಿಕೆಟ್ ಮಾರಾಟವಾಯಿತು, ಮನೆಯ ಬೆಲೆ ನಲವತ್ತು ಲಕ್ಷ ಪೌಂಡ್ ಎನ್ನಿ. ಆಗ ಹತ್ತು ಪೌಂಡ್ ಕಟ್ಟಿದವರಿಗೆ ಮನೆ ಬರುವ ಸಾಧ್ಯತೆ ಸುಮಾರಾಗಿ ಇಪ್ಪತ್ತು ಲಕ್ಷದಲ್ಲಿ ಒಂದು. ಆ ಹತ್ತು ಪೌಂಡಿನಲ್ಲಿ ಬಹುಮಾನದ ರೂಪದಲ್ಲಿ ಆಟಗಾರರ ಕಡೆಗೆ ಮರಳುವುದು ಎರಡು ಪೌಂಡಿನಷ್ಟು. ನಮ್ಮ ಹುಡುಗಿ ಪ್ರತಿ ತಿಂಗಳೂ ತಪ್ಪದೆ ಹತ್ತು ಪೌಂಡ್ ಕಟ್ಟುತ್ತಾ ನಲವತ್ತು ವರ್ಷ ಕಳೆದರೆ 4,800 ಪೌಂಡ್ ಹೋಗಿರುತ್ತದೆ. ಅಷ್ಟಾದ ಮೇಲೂ ಅವಳಿಗೆ ಒಂದು ಮನೆ ಬರುವ ಸಾಧ್ಯತೆ ನಾಲ್ಕು ಸಾವಿರಕ್ಕೆ ಒಂದಕ್ಕಿಂತ ಕಡಿಮೆ.

ಇದರಲ್ಲೂ ಸಣ್ಣ ಕೈಯವರಿಗೆ ಇನ್ನೊಂದು ಏಟಿದೆ. ಹೆಚ್ಚು ದುಡ್ಡು ಕಟ್ಟಿದರೆ ಪೌಂಡಿಗೆ ಹೆಚ್ಚು ಎಂಟ್ರಿ ಸಿಗುವಂತೆ ದರ ಇಟ್ಟಿರುತ್ತಾರೆ. ಐವತ್ತು ಪೌಂಡ್ ಕಟ್ಟಿದವರಿಗೆ ಹತ್ತು ಪೌಂಡಿನವರ ಐದು ಪಟ್ಟಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತದೆ. ಹಾಗಾಗಿ ಹತ್ತೇ ಪೌಂಡ್ ಇಟ್ಟವರ ನಿಜವಾದ ಸಾಧ್ಯತೆ ನಾನು ಮೇಲೆ ಹೇಳಿದ್ದಕ್ಕಿಂತಲೂ ಕೆಳಗೆ. ಉಚಿತವೆಂಬ ಅಂಚೆಯ ದಾರಿಯನ್ನೂ ತೂಗಿ ನೋಡೋಣ. 2025ರ ಏಪ್ರಿಲ್‌ನಲ್ಲಿ ಬ್ರಿಟನ್‌ನ ಎರಡನೇ ದರ್ಜೆಯ ಅಂಚೆಚೀಟಿ 87 ಪೆನ್ಸ್ ಆಯಿತು. ಒಂದು ಕಾರ್ಡಿಗೆ ಒಂದೇ ಎಂಟ್ರಿ. ಓಮೇಜ್‌ನಲ್ಲಿ ಬಹುಕಾಲ ನಡೆದ ದರ ಹತ್ತು ಪೌಂಡಿಗೆ ಹದಿನೈದು ಎಂಟ್ರಿ, ಅಂದರೆ ಒಂದಕ್ಕೆ ಸುಮಾರು 67 ಪೆನ್ಸ್. ಕಾರ್ಡು ಕೊಂಡು, ಕೈಯಾರೆ ಹೆಸರು, ವಿಳಾಸ, ಹುಟ್ಟಿದ ದಿನ ಬರೆದು, ಡಬ್ಬಿಗೆ ಹಾಕಿ ಬರುವ ಉಚಿತ ಚೀಟಿಯೇ ದುಡ್ಡಿನ ಚೀಟಿಗಿಂತ ದುಬಾರಿ! ಆದರೂ ಒಂದು ಕಾರ್ಡು ಹಾಕಿದರೆ ಹೋಗುವುದು ಒಂದು ಅಂಚೆಚೀಟಿಯ ದುಡ್ಡು ಮಾತ್ರ, ಹತ್ತು ಪೌಂಡಲ್ಲ. ಬರೀ ಆಸೆಗೆ ಆಡುವವರಿಗೆ ನಾನು ಅದನ್ನೇ ಹೇಳುವುದು.

ಒಟ್ಟು ಎಂಟ್ರಿಗಳ ಸಂಖ್ಯೆ ಎಲ್ಲ ಕಡೆಯೂ ಹೀಗೆ ಮರೆಯಲ್ಲಿರುವುದಿಲ್ಲ. ಗಲ್ಫ್‌ನಿಂದ ಮಂಗಳೂರಿಗೆ ಬಂದು ಹೋಗುವವರಿಗೆ ದುಬೈ ಡ್ಯೂಟಿ ಫ್ರೀಯ ಮಿಲೆನಿಯಂ ಮಿಲಿಯನೇರ್ ಡ್ರಾ ಗೊತ್ತು. 1999ರಿಂದ ನಡೆಯುತ್ತಿದೆ, ಭಾರತೀಯರು ಎಷ್ಟೋ ಸಲ ಗೆದ್ದಿದ್ದಾರೆ. ಅದು ದಾನದ ಡ್ರಾ ಅಲ್ಲ, ಟಿಕೆಟ್ ಕೂಡ ಸಾವಿರ ದಿರ್ಹಮಿನದು. ಆದರೆ ಒಂದು ಸರಣಿಯಲ್ಲಿ ಐದೇ ಸಾವಿರ ಟಿಕೆಟ್, ಬಹುಮಾನ ಹತ್ತು ಲಕ್ಷ ಡಾಲರ್. ಸಾಧ್ಯತೆ ಐದು ಸಾವಿರಕ್ಕೆ ಒಂದು ಎಂಬುದು ಟಿಕೆಟ್ ಕೊಳ್ಳುವ ಮೊದಲೇ ಗೊತ್ತು. ಅಲ್ಲಿ ಸೇರುವ ಐವತ್ತು ಲಕ್ಷ ದಿರ್ಹಮಿನಲ್ಲಿ ಸುಮಾರು 36.7 ಲಕ್ಷ ಬಹುಮಾನವಾಗಿ ಹೊರಗೆ ಬರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಾಜಿ ಸೈನಿಕರಿಗಾಗಿ 1956ರಿಂದ ನಡೆಯುತ್ತಿರುವ, ಮೊದಲು ಆರ್‌ಎಸ್‌ಎಲ್ ಆರ್ಟ್ ಯೂನಿಯನ್ ಎಂಬ ಹೆಸರಿದ್ದ ಲಾಟರಿ ಕೂಡ ಮನೆಗಳನ್ನೇ ಬಹುಮಾನವಾಗಿ ಕೊಡುತ್ತದೆ. ಅಲ್ಲಿ ಗರಿಷ್ಠ ಎಷ್ಟು ಟಿಕೆಟ್ ಮಾರುತ್ತಾರೆಂದು ಮುಂಚೆಯೇ ಹೇಳಿಬಿಡುತ್ತಾರೆ. ಸಂಖ್ಯೆ ಹೇಳಿದರೆ ವ್ಯಾಪಾರ ಮುಳುಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಇನ್ನು ದಾನದ ಲೆಕ್ಕ. ನನಗೆ ಹೆಚ್ಚು ಸಂಕಟವಾಗುವುದು ಇಲ್ಲಿಯೇ. “ಬರದಿದ್ದರೆ ದಾನ” ಎಂದಾಗ ನಮ್ಮ ಹುಡುಗಿಯ ಮನಸ್ಸಿನಲ್ಲಿ ಹತ್ತು ಪೌಂಡೂ ರೋಗಿಗಳಿಗೆ ಹೋಗುತ್ತದೆ ಎಂಬ ಚಿತ್ರವಿತ್ತು. ಆ ಹತ್ತು ಪೌಂಡಿನಲ್ಲಿ ಮೊದಲು ಮನೆ ಕೊಳ್ಳಬೇಕು, ಅದನ್ನು ಸಿಂಗರಿಸಬೇಕು, ಶುಲ್ಕ ತುಂಬಬೇಕು, ವಿಡಿಯೊ ತೆಗೆಯಬೇಕು, ಟಿವಿಗೆ, ಫೇಸ್‌ಬುಕ್‌ಗೆ ಜಾಹೀರಾತು ಕೊಡಬೇಕು, ಕಾರ್ಡ್ ಕಂಪನಿಗಳಿಗೆ ಕಮಿಷನ್ ಕಟ್ಟಬೇಕು. ಆರಂಭದ ವರ್ಷಗಳಲ್ಲಿ ಓಮೇಜ್ ಹೇಳುತ್ತಿದ್ದುದು ಖರ್ಚು ಕಳೆದು ಉಳಿದ ನಿವ್ವಳದಲ್ಲಿ ಶೇ 80 ಸಂಸ್ಥೆಗೆ, ಶೇ 20 ತನಗೆ ಎಂದು. ಶೇ 80 ಎಂಬುದು ಕಿವಿಗೆ ತುಂಬ ಇಂಪು. ಆದರೆ ನೂರು ಪೌಂಡಿನಲ್ಲಿ ಖರ್ಚಿಗೆ ಎಪ್ಪತ್ತೈದು ಹೋದರೆ ನಿವ್ವಳ ಇಪ್ಪತ್ತೈದು, ಅದರ ಶೇ 80 ಅಂದರೆ ಇಪ್ಪತ್ತೇ ಪೌಂಡ್. ಖರ್ಚು ಇನ್ನೂ ಹೆಚ್ಚಾದರೆ ಇನ್ನೂ ಕಡಿಮೆ. ಹಾಲು ಕರೆದು, ಕರುವಿಗೆ ಬಿಟ್ಟು, ಹೆಪ್ಪಿಗೆ ಎತ್ತಿಟ್ಟು ಉಳಿದದ್ದರಲ್ಲಿ ನಿಮಗೆ ಮುಕ್ಕಾಲು ಪಾಲು ಎಂದರೆ ಯಾರೂ ‘ಹಾಲೆಲ್ಲ ನನಗೇ’ ಎಂದುಕೊಳ್ಳುವುದಿಲ್ಲ. ಯಾವ ಮೊತ್ತದ ಶೇಕಡಾ ಎಂದು ಕೇಳಬೇಕು. ನಿಯಮಾವಳಿಯಲ್ಲಿ ಹುಡುಕಬೇಕಾದ ಮೊದಲ ಸಾಲು ಅದು.

ಇದಕ್ಕೆ ಎದುರಾಗಿ ಒಂದು ತಾಳೆ ನೋಡಿ. ಅದೇ ಹತ್ತು ಪೌಂಡನ್ನು ನಮ್ಮ ಹುಡುಗಿ ನೇರವಾಗಿ ಆ ಸಂಸ್ಥೆಗೇ ಕೊಟ್ಟು, ಅರ್ಜಿಯಲ್ಲಿ ‘ಗಿಫ್ಟ್ ಏಡ್’ ಎಂಬ ಚೌಕಕ್ಕೆ ಗುರುತು ಹಾಕಿದರೆ, ಅವಳು ಕಟ್ಟಿದ ತೆರಿಗೆಯಿಂದ ಸರ್ಕಾರ ಎರಡೂವರೆ ಪೌಂಡ್ ಸೇರಿಸುತ್ತದೆ. ಸಂಸ್ಥೆಗೆ ಹನ್ನೆರಡೂವರೆ ಪೌಂಡ್ ತಲುಪುತ್ತದೆ. ಡ್ರಾ ಟಿಕೆಟ್ಟಿಗೆ ಈ ಸೌಲಭ್ಯ ಇಲ್ಲ, ಏಕೆಂದರೆ ಅದು ಕಾನೂನಿನ ಕಣ್ಣಿನಲ್ಲಿ ದಾನವೇ ಅಲ್ಲ, ಖರೀದಿ. ನಮ್ಮ ಲೆಕ್ಕದ ಡ್ರಾದಲ್ಲಿ ಎರಡು ಪೌಂಡ್, ನೇರ ಕೊಟ್ಟರೆ ಹನ್ನೆರಡೂವರೆ.

ಸಂಸ್ಥೆಗಳ ಮಾತನ್ನೂ ಕೇಳದಿದ್ದರೆ ಅನ್ಯಾಯವಾಗುತ್ತದೆ. ಬ್ರಿಟಿಷ್ ಹಾರ್ಟ್ ಫೌಂಡೇಶನ್, ಆಲ್ಝೈಮರ್ಸ್ ರಿಸರ್ಚ್ ಯುಕೆಯಂಥ ಸಂಸ್ಥೆಗಳು ಈ ಡ್ರಾಗಳಿಗೆ ಹೆಸರು ಕೊಟ್ಟಿದ್ದಕ್ಕೆ ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ಒಂದು ಡ್ರಾದಿಂದ ಕನಿಷ್ಠ ಹತ್ತು ಲಕ್ಷ ಪೌಂಡ್ ಕೊಟ್ಟೇ ಕೊಡುತ್ತೇವೆ ಎಂಬ ಭರವಸೆ ಕಂಪನಿಯಿಂದ ಬರುತ್ತದೆ. ಮನೆ ಕೊಳ್ಳುವ ಗಂಡಾಂತರವಿಲ್ಲ, ಜಾಹೀರಾತಿನ ಖರ್ಚಿಲ್ಲ, ಸಂಸ್ಥೆಯ ಹೆಸರೂ ಊರೆಲ್ಲ ಓಡಾಡುತ್ತದೆ. ದಾನ ಎಂದರೆ ಜೇಬಿಗೆ ಕೈಹಾಕದವನೂ ಕಡಲಂಚಿನ ಮನೆಯ ಆಸೆಗೆ ಹತ್ತು ಪೌಂಡ್ ತೆಗೆಯುತ್ತಾನೆ. ಆ ದುಡ್ಡಿನಿಂದ ಪ್ರಯೋಗಾಲಯದಲ್ಲಿ ಒಬ್ಬ ಸಂಶೋಧಕಿಯ ಸಂಬಳ ಬಂದರೆ ಅದು ಸಣ್ಣದಲ್ಲ. ಸಂಸ್ಥೆ ಒಪ್ಪಿಕೊಂಡದ್ದು ಸರಿ ಎಂದೇ ನನ್ನ ಅಭಿಪ್ರಾಯ. ನಾನು ಕೇಳುತ್ತಿರುವುದು ಆಗಲೇ ಕೊಡುವ ಮನಸ್ಸಿರುವವರ ಬಗ್ಗೆ. ತಿಂಗಳಿಗೆ ಹತ್ತು ಪೌಂಡ್ ತೆಗೆದಿಟ್ಟ ಒಬ್ಬ ನರ್ಸ್ ಅದನ್ನು ಡ್ರಾಕ್ಕೆ ಹಾಕಿ ‘ಈ ತಿಂಗಳ ದಾನ ಆಯಿತು’ ಎಂದುಕೊಂಡರೆ, ನಮ್ಮ ಲೆಕ್ಕದಂತೆ ಸಂಸ್ಥೆಗೆ ಹತ್ತೂವರೆ ಪೌಂಡ್ ನಷ್ಟ.

ಮನೆ ಗೆದ್ದವರ ಪಾಡನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಿಟನ್‌ನಲ್ಲಿ ಬಹುಮಾನಕ್ಕೆ ಆದಾಯ ತೆರಿಗೆಯಿಲ್ಲ. ಆದರೆ ದೊಡ್ಡ ಮನೆಯ ಕೌನ್ಸಿಲ್ ಟ್ಯಾಕ್ಸ್, ವಿಮೆ, ಚಳಿಗಾಲ ಪೂರ್ತಿ ಉರಿಯುವ ಹೀಟಿಂಗು, ತೋಟದ ಆಳು, ಎಲ್ಲ ವರ್ಷವರ್ಷವೂ ಬರುವ ಖರ್ಚು. ನೌಕರಿ ಲೆಸ್ಟರ್‌ನಲ್ಲಿ, ಮನೆ ಕಾರ್ನ್‌ವಾಲ್‌ನಲ್ಲಿ ಎಂದರೆ ಅಲ್ಲಿ ಬಾಳುವುದು ಹೇಗೆ? ಮಾರುವುದಕ್ಕೆ ಅಡ್ಡಿಯಿಲ್ಲ, ಗೆದ್ದವರಲ್ಲಿ ಹಲವರು ಮಾರಿದ್ದಾರೆ.

ಇನ್ನು ಸರ್ಕಾರದ ಪಾತ್ರ. 2025ರಲ್ಲಿ ಬ್ರಿಟನ್ ಸರ್ಕಾರ ಪ್ರಕಟಿಸಿದ ಅಧ್ಯಯನದಂತೆ ಮನೆ, ಕಾರು, ನಗದು ಎಲ್ಲ ಸೇರಿ ಇಂಥ ಡ್ರಾಗಳ ವಹಿವಾಟು ವರ್ಷಕ್ಕೆ ಸುಮಾರು 130 ಕೋಟಿ ಪೌಂಡ್. ಅದೇ ವರ್ಷದ ಕೊನೆಗೆ ಸರ್ಕಾರ ಒಂದು ನೀತಿಸಂಹಿತೆ ತಂದಿತು, ಅದಕ್ಕೆ ಸಹಿ ಹಾಕುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ನನ್ನ ದೃಷ್ಟಿಯಲ್ಲಿ ಅದು ಸಾಲದು. ಡ್ರಾ ಮುಗಿದ ಮೇಲಾದರೂ ಒಟ್ಟು ಎಷ್ಟು ಎಂಟ್ರಿ ಬಂತು, ಎಷ್ಟು ಹಣ ಸೇರಿತು, ಅದರಲ್ಲಿ ಸಂಸ್ಥೆಗೆ ಎಷ್ಟು ಹೋಯಿತು ಎಂಬ ಮೂರು ಸಂಖ್ಯೆಗಳನ್ನು ಪ್ರಕಟಿಸುವುದು ಕಡ್ಡಾಯವಾಗಬೇಕು.

ಈ ವಿಡಿಯೊಗಳು ಬೆಂಗಳೂರು, ಹುಬ್ಬಳ್ಳಿಯ ಮೊಬೈಲುಗಳಿಗೂ ಬರುತ್ತವೆ, ಆದ್ದರಿಂದ ಇಲ್ಲಿನವರಿಗೆ ಒಂದು ಎಚ್ಚರಿಕೆ. ಭಾರತದಿಂದ ವಿದೇಶಿ ಲಾಟರಿ ಟಿಕೆಟ್ಟಿಗೆ, ಸ್ವೀಪ್‌ಸ್ಟೇಕ್‌ಗೆ ಹಣ ಕಳಿಸುವುದನ್ನು ವಿದೇಶಿ ವಿನಿಮಯದ 2000ದ ನಿಯಮಗಳು ನಿಷೇಧಿಸಿವೆ. ನಮ್ಮಲ್ಲಿ ಲಾಟರಿ ನಡೆಸುವ ಅಧಿಕಾರ 1998ರ ಕಾಯ್ದೆಯಂತೆ ರಾಜ್ಯ ಸರ್ಕಾರಗಳದು, ಕರ್ನಾಟಕವಂತೂ 2007ರಲ್ಲೇ ಲಾಟರಿ ನಿಲ್ಲಿಸಿತು. ‘ನಿಮಗೆ ಲಂಡನ್ ಮನೆ ಬಂದಿದೆ, ಪ್ರೊಸೆಸಿಂಗ್ ಫೀಸ್ ಕಳಿಸಿ’ ಎಂಬ ವಾಟ್ಸ್‌ಆ್ಯಪ್ ಬಂದರೆ ಅದು ಮೋಸವೇ. ನಿಜವಾದ ಡ್ರಾದವರು ಗೆದ್ದವರಿಂದ ಇಂಥ ಫೀಸು ಕೇಳುವುದಿಲ್ಲ.

ಅದರ ಮುಂದಿನ ಭಾನುವಾರ ಇಷ್ಟನ್ನೂ ಅಕ್ಕನ ಮಗಳಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. “ಹಾಗಾದರೆ ಆಡಲೇಬಾರದಾ ಚಿಕ್ಕಮ್ಮ?” ಎಂದಳು. ಆಡು, ಆದರೆ ಆ ದುಡ್ಡನ್ನು ಸಿನಿಮಾ, ಕಾಫಿಯ ಲೆಕ್ಕಕ್ಕೆ ಬರೆದುಕೋ, ದಾನದ ಲೆಕ್ಕಕ್ಕೆ ಬರೆಯಬೇಡ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಒಂದು ಫೋಟೊ ಬಂತು. ಅವಳ ವಾರ್ಡಿನಲ್ಲಿ ಮರೆವಿನ ಕಾಯಿಲೆಯ ಮುದುಕರೇ ಹೆಚ್ಚು. ಆ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸುವ ಸಂಸ್ಥೆಯ ಡೈರೆಕ್ಟ್ ಡೆಬಿಟ್ ಅರ್ಜಿ ಅದು, ತಿಂಗಳಿಗೆ ಎಂಟು ಪೌಂಡ್, ಗಿಫ್ಟ್ ಏಡ್ ಚೌಕದಲ್ಲಿ ಗುರುತು. ಅದರ ಪಕ್ಕದಲ್ಲೇ ಮೇಜಿನ ಮೇಲೆ ಅಂಚೆಚೀಟಿ ಅಂಟಿಸಿದ ಒಂದು ಪೋಸ್ಟ್‌ಕಾರ್ಡ್.