ಬತ್ತಿದ ಕೆರೆ ಪಾಳು ನೆಲವಲ್ಲ

ಅಪರೂಪದ ಸಸ್ಯವೊಂದು ಹೊಸ ಪ್ರದೇಶದಲ್ಲಿ ಸಿಕ್ಕಿತೆಂದರೆ ‘ದೇಶದಲ್ಲೇ ಮೊದಲು’ ಎಂದು ಪತ್ರಿಕೆಗಳು ಸಂಭ್ರಮಿಸುತ್ತವೆ, ಮರುದಿನ ಮರೆಯುತ್ತವೆ. ನನ್ನ ತಕರಾರು ಈ ಸಂಭ್ರಮದ ಬಗ್ಗೆ. ಬಹುಪಾಲು ಸಂದರ್ಭಗಳಲ್ಲಿ ಆ ಗಿಡ ನಿನ್ನೆ ಬಂದದ್ದಲ್ಲ; ಅದುವರೆಗೆ ಅಲ್ಲಿ ಬಗ್ಗಿ ನೋಡಿದವರಿರಲಿಲ್ಲ.

ರಿಯೆಲ್ಲಾ ಎಂಬ ಲಿವರ್‌ವರ್ಟ್‌ನ ಕಥೆಯನ್ನೇ ನೋಡಿ. ಲಿವರ್‌ವರ್ಟ್‌ಗಳು ಹಾವಸೆಯ ನೆಂಟರು: ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಹೆಚ್ಚಿನವು ತೇವದ ಬಂಡೆ, ಗೋಡೆ, ತೊಗಟೆಗಳಿಗೆ ಅಂಟಿಕೊಂಡು ಬಾಳುತ್ತವೆ. ರಿಯೆಲ್ಲಾದ ಬಾಳು ಆಳವಿಲ್ಲದ ನೀರಿನಡಿಯಲ್ಲಿ. ಎಳೆಯಂಥ ದಂಟು, ಅದರ ಒಂದು ಮಗ್ಗುಲಿಗೆ ನಿರಿಗೆ ಹಿಡಿದ ತೆಳು ಹಸಿರು ರೆಕ್ಕೆ. ಅಟ್ಲಾಂಟಿಕ್ ಸಾಗರದ ಕೆನರಿ ದ್ವೀಪಗಳಲ್ಲಿ ದೊರೆತ ರಿಯೆಲ್ಲಾ ಅಫಿನಿಸ್ ಪ್ರಭೇದವನ್ನು ಹೋವ್ ಮತ್ತು ಅಂಡರ್‌ವುಡ್ 1903ರಲ್ಲಿ ವರ್ಣಿಸಿದರು. 1954ರಲ್ಲಿ ಎಸ್. ಕೆ. ಪಾಂಡೆ ಮತ್ತು ಸಂಗಡಿಗರು ವಾರಾಣಸಿ ಸೀಮೆಯ ರಿಯೆಲ್ಲಾವೊಂದನ್ನು ಹೊಸ ಪ್ರಭೇದವೆಂದು ಬಗೆದು ಪ್ರಕಟಿಸಿದರು. ಅದೂ ಕೆನರಿಯ ಪ್ರಭೇದವೇ ಎಂದು ಮುಂದೆ ತೀರ್ಮಾನವಾಯಿತು.

‘ನಮ್ಮಲ್ಲಿ ಮಾತ್ರ’ ಎಂಬ ಹೆಗ್ಗಳಿಕೆ ಅಲ್ಲಿಗೆ ಕರಗಿತು. ನಷ್ಟವೇನಾಯಿತು? ಅಟ್ಲಾಂಟಿಕ್ ದ್ವೀಪಕ್ಕೂ ಗಂಗೆಯ ಬಯಲಿಗೂ ಒಂದೇ ಗಿಡ ಹೇಗೆ ಒದಗಿತೆಂಬ ಪ್ರಶ್ನೆ ಆ ಹೆಗ್ಗಳಿಕೆಗಿಂತ ದೊಡ್ಡದು. ಊರು ಬಿಟ್ಟು ಊರಿನಲ್ಲಿ ನೆಲೆಸಿದ ನಮಗಾದರೂ ಇದು ಅರ್ಥವಾಗಬೇಕು.

ನೀರು ಬತ್ತಿದಾಗ ರಿಯೆಲ್ಲಾ ಅಳಿಯುತ್ತದೆ. ಅದರ ಬೀಜಾಣುಗಳು ಒಣಗಿದ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿದ್ದು, ನೀರು ನಿಂತಾಗ ಮೊಳೆಯುತ್ತವೆ. ಬೇಸಿಗೆಯಲ್ಲಿ ಅಳತೆಗೆ ಬಂದ ಅಧಿಕಾರಿಗೆ ಕಾಣುವುದು ಬಿರುಕುಬಿಟ್ಟ ನೆಲ ಮಾತ್ರ. ‘ಇಲ್ಲಿ ಯಾರೂ ನೋಡಿಲ್ಲ’ ಎಂಬುದು ಕಡತದೊಳಗೆ ‘ಇಲ್ಲಿ ಏನೂ ಇಲ್ಲ’ ಎಂದಾಗುತ್ತದೆ; ಆಮೇಲೆ ಲಾರಿಗಟ್ಟಲೆ ಮಣ್ಣು ಬೀಳುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಮದರಾಸಿನ ಉದ್ದ ಕೆರೆಯ ಅಂಗಳದಲ್ಲಿ ಟಿ. ನಗರ ಎದ್ದಿತು. ಆ ಕೆಸರಿನಲ್ಲಿ ಏನೇನು ಮಲಗಿತ್ತೆಂದು ಇನ್ನು ಹೇಳಬಲ್ಲವರು ಯಾರು?

ಬೆರಳುದ್ದದ ಹಸಿರಿಗಾಗಿ ಜನರಿಗೆ ಮನೆ, ರಸ್ತೆ ಬೇಡವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ತಿಳಿಯದೆ ಮಾಡುವ ಲೆಕ್ಕ ಲೆಕ್ಕವೇ ಅಲ್ಲ. ಅದು ಜಮೆಯ ಪುಟವನ್ನಷ್ಟೇ ಬರೆದು ಖರ್ಚಿನ ಪುಟವನ್ನು ಹರಿದೆಸೆದಂತೆ. ನೆಲವನ್ನು ಪಾಳೆಂದು ಬರೆಯುವ ಮೊದಲು ನೀರು ನಿಂತ ಕಾಲದಲ್ಲೊಮ್ಮೆ, ಬತ್ತುವ ಕಾಲದಲ್ಲೊಮ್ಮೆ ಬಲ್ಲವರಿಂದ ನೋಡಿಸಲಿ. ಅದಕ್ಕೆ ಸೂಕ್ಷ್ಮದರ್ಶಕದ ಮುಂದೆ ವರ್ಷಗಟ್ಟಲೆ ಕುಳಿತು ಬೀಜಾಣುವಿನ ಮೈಮೇಲಿನ ಮುಳ್ಳುಗಳನ್ನು ಓದಬಲ್ಲವರು ಬೇಕು. ಅವರಿಗೆ ಹುದ್ದೆ ಬೇಕು, ಸಂಬಳ ಬೇಕು. ಅವರು ತಂದ ಮಾದರಿಗಳನ್ನು ಜೋಪಾನವಾಗಿಡುವ ಹರ್ಬೇರಿಯಂ ಬೇಕು. ಇವಕ್ಕೆ ಹಣವಿಲ್ಲವೆನ್ನುವವರು ‘ದೇಶದಲ್ಲೇ ಮೊದಲು’ ಎಂದು ಚಪ್ಪಾಳೆ ತಟ್ಟುವುದನ್ನೂ ನಿಲ್ಲಿಸಲಿ.