ಮುಖವಿಲ್ಲದ ಸಾಕ್ಷಿಗಳು, ತೂಕವಿಲ್ಲದ ನಕ್ಷತ್ರಗಳು

ಮದ್ದೂರಿನ ಹಳೆಯ ರಸ್ತೆಯ ಬದಿಯಲ್ಲಿ ನಮಗೆ ಬಹುಕಾಲದಿಂದ ಪರಿಚಯವಿರುವ ಒಂದು ಪುಟ್ಟ ಹೋಟೆಲಿದೆ. ಹತ್ತು ಮೇಜು, ಇಬ್ಬರು ಅಡುಗೆಯವರು, ಮಧ್ಯಾಹ್ನ ಬಿರಿಯಾನಿ, ಸಂಜೆ ಪರೋಟ. ಯಜಮಾನರಿಗೆ ಅರವತ್ತು ದಾಟಿದೆ. ರಂಜಾನ್ ಮುಗಿದ ಮೇಲೆ ಒಂದು ದಿನ ನಾವು ಅಲ್ಲಿಗೆ ಹೋದಾಗ ಅವರ ಮಗ ಮೊಬೈಲ್ ತೋರಿಸಿದ. ಯಾರೋ ಒಬ್ಬ ಇಂಗ್ಲಿಷಿನಲ್ಲಿ ಬರೆದಿದ್ದ: ಮಧ್ಯಾಹ್ನ ತಿಂದ ಬಿರಿಯಾನಿ ಹಳಸಿತ್ತು, ತಟ್ಟೆ ಕೊಳಕಾಗಿತ್ತು, ಬಡಿಸಿದವನು ಒರಟ. ಐದರಲ್ಲಿ ಒಂದೇ ನಕ್ಷತ್ರ. ದಿನ ಲೆಕ್ಕ ಹಾಕಿದರೆ ಅದು ರಂಜಾನಿನ ನಟ್ಟನಡುವೆ. ಆ ಇಡೀ ತಿಂಗಳು ಹಗಲು ಹೊತ್ತು ಆ ಹೋಟೆಲಿನ ಬಾಗಿಲು ತೆರೆದಿರಲೇ ಇಲ್ಲ!

"ಹಚ್ಚದ ಒಲೆಯ ಮೇಲಿನ ಬಿರಿಯಾನಿ ಹಳಸುವುದು ಹೇಗೆ ಭಾಯ್?" ಎಂದು ಯಜಮಾನರು ನಕ್ಕರು. ನಗುವಿನಲ್ಲಿ ಜೀವವಿರಲಿಲ್ಲ.

ಇದೇನು ಮಹಾ ವಿಷಯ ಎಂದು ನೀವು ಕೇಳಬಹುದು. ಅದಕ್ಕೆ ಈ ಊರಿನ ರಸ್ತೆಯ ಕಥೆ ಹೇಳಬೇಕು. ಒಂದು ಕಾಲಕ್ಕೆ ಬೆಂಗಳೂರು–ಮೈಸೂರಿನ ಬಸ್ಸು ಕಾರುಗಳೆಲ್ಲ ಮದ್ದೂರಿನ ಎದೆಯ ಮೇಲೇ ಹಾದುಹೋಗುತ್ತಿದ್ದವು. ಪ್ರಯಾಣಿಕ ಜನ ನೆರೆದಿದ್ದ ಕಡೆ ಇಳಿಯುತ್ತಿದ್ದ, ತಿನ್ನುತ್ತಿದ್ದ, ಹಿಡಿಸಿದರೆ ಮತ್ತೆ ಬರುತ್ತಿದ್ದ. 1917ರಲ್ಲಿ ರೈಲು ನಿಲ್ದಾಣದಲ್ಲಿ ಹುಟ್ಟಿತೆಂದು ಹೇಳುವ ಮದ್ದೂರು ವಡೆ ದೇಶಕ್ಕೆಲ್ಲ ಹೆಸರಾದದ್ದು ಯಾವ ನಕ್ಷತ್ರದ ಬಲದಿಂದಲೂ ಅಲ್ಲ, ತಿಂದವರ ನಾಲಗೆಯಿಂದ. 2023ರ ಮಾರ್ಚ್ 12ರಂದು ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿಯವರು ಹೊಸ ಹೆದ್ದಾರಿಯನ್ನು ಉದ್ಘಾಟಿಸಿದರು. ಸುಮಾರು 118 ಕಿಲೋಮೀಟರಿನ ಆ ರಸ್ತೆ ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಊರ ಹೊರಗಿನಿಂದಲೇ ದಾಟಿಸಿಬಿಡುತ್ತದೆ. ಈಗ ಊರೊಳಗೆ ಇಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಪ್ರಯಾಣಿಕನ ಕಣ್ಣಲ್ಲ, ಅವನ ಕೈಯಲ್ಲಿರುವ ಮೊಬೈಲು. ಅದರಲ್ಲಿ ನಾಲ್ಕೂವರೆ ನಕ್ಷತ್ರವಿದ್ದರೆ ಕಾರು ಇಳಿಯುತ್ತದೆ. ಮೂರಿದ್ದರೆ ಮುಂದೆ ಹೋಗುತ್ತದೆ. ನಮ್ಮ ಯಜಮಾನರಿಗೆ ಆ ಒಂದು ನಕ್ಷತ್ರವೆಂದರೆ ಬ್ಯಾಂಕಿನ ಕಂತು, ಮಗಳ ಕಾಲೇಜಿನ ಫೀಸು.

ಗಿರಾಕಿ ದೂರುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಮಂಡ್ಯ ಸೀಮೆಯ ಗಿರಾಕಿಗಿಂತ ನಿಷ್ಠುರ ವಿಮರ್ಶಕ ಬೇರೆಲ್ಲೂ ಸಿಗಲಾರ. "ಏನ್ ಸಾಬ್ರೆ, ಸಾರ್ಗೆ ಇವತ್ತು ಉಪ್ಪೇ ಉಪ್ಪು! ನಾಳೀಕೂ ಹಿಂಗೇ ಮಾಡುದ್ರೆ ಇತ್ಲಾಗೆ ತಲೆ ಹಾಕಕಿಲ್ಲ" ಎಂದು ನಾಲ್ಕು ಜನರ ಮುಂದೆ ಮುಖಕ್ಕೇ ಹೇಳುತ್ತಾನೆ. ಮಾರನೆಯ ದಿನ ಅದೇ ಹೊತ್ತಿಗೆ ಬಂದು ಅದೇ ಬೆಂಚಿನ ಮೇಲೆ ಕೂರುತ್ತಾನೆ. ಆ ಮಾತಿಗೆ ಮುಖವಿತ್ತು, ಊರಿತ್ತು. ಉತ್ತರ ಕೊಡುವುದಕ್ಕೆ, ಉಪ್ಪು ಕಡಿಮೆ ಮಾಡುವುದಕ್ಕೆ ಒಂದು ರಾತ್ರಿಯ ಅವಕಾಶವಿತ್ತು. ಮೊಬೈಲಿನ ನಕ್ಷತ್ರಕ್ಕೆ ಇದೊಂದೂ ಇಲ್ಲ.

ವಿಮರ್ಶೆ ಎಂದರೆ ಸಾಕ್ಷಿ ಹೇಳುವುದು. 'ನಾನು ಅಲ್ಲಿದ್ದೆ, ಕಂಡೆ, ಉಂಡೆ' ಎಂಬ ಗವಾಹಿ. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ, ಪ್ರಮಾಣ ಮಾಡಿಸಿ, ಎದುರು ಪಕ್ಷದವರಿಗೆ ಪ್ರಶ್ನೆ ಕೇಳಲು ಬಿಡುತ್ತಾರೆ. ಇಲ್ಲಿ ಸಾಕ್ಷಿಗೆ ಹೆಸರಿಲ್ಲ, ಪ್ರಮಾಣವಿಲ್ಲ, ಪಾಟೀಸವಾಲಿಲ್ಲ. ತೀರ್ಪು ಮಾತ್ರ ಆ ಕ್ಷಣವೇ ಜಾರಿ! ಕುರ್‌ಆನಿನ 83ನೆಯ ಅಧ್ಯಾಯದ ಹೆಸರೇ ಅಳತೆಯಲ್ಲಿ ಮೋಸ ಮಾಡುವವರದು. 49ನೆಯ ಅಧ್ಯಾಯವು ನಂಬಲಾಗದವನು ಸುದ್ದಿ ತಂದರೆ ಮೊದಲು ಪರಿಶೀಲಿಸಿ, ಇಲ್ಲವಾದರೆ ಅರಿಯದೆ ಯಾರಿಗೋ ಅನ್ಯಾಯ ಮಾಡಿ ಪಶ್ಚಾತ್ತಾಪಪಡುವಿರಿ ಎಂದು ಎಚ್ಚರಿಸುತ್ತದೆ. ಪ್ರವಾದಿಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿನ ಕಾಳು ಒದ್ದೆಯಾಗಿದ್ದುದನ್ನು ಕಂಡು ವ್ಯಾಪಾರಿಯನ್ನು ಅಲ್ಲೇ ಪ್ರಶ್ನಿಸಿದ ಪ್ರಸಂಗ ನಮ್ಮಲ್ಲಿ ಅನೇಕರಿಗೆ ಗೊತ್ತು. ಮೊದಲು ಕೈಯಿಟ್ಟು ನೋಡಿದರು, ಆಮೇಲೆ ಎದುರಿಗೇ ಕೇಳಿದರು. ವಿಮರ್ಶೆಯ ರೀತಿ ಅದು. ರಾಶಿಯ ಹತ್ತಿರವೇ ಸುಳಿಯದೆ ಕಾಳು ಒದ್ದೆ ಎನ್ನುವವನನ್ನು ಏನೆಂದು ಕರೆಯೋಣ?

ಈ ಸಾಕ್ಷಿಗಳು ಮಾರಾಟಕ್ಕೂ ಇದ್ದಾರೆ ಎಂಬುದು ಮುಂದಿನ ದುರಂತ. ನಮ್ಮ ಯಜಮಾನರ ಬಳಿಗೂ ಒಬ್ಬ ದಳ್ಳಾಳಿ ಬಂದಿದ್ದ. ಇಷ್ಟು ಹಣ ಕೊಟ್ಟರೆ ನೂರು ಜನರಿಂದ ಐದೈದು ನಕ್ಷತ್ರ ಹಾಕಿಸುತ್ತೇನೆ, ಆ ಒಂದು ನಕ್ಷತ್ರ ಅಡಿಗೆ ಬಿದ್ದುಹೋಗುತ್ತದೆ ಎಂದನಂತೆ. "ನಲವತ್ತು ವರ್ಷ ಮಾಂಸದ ತೂಕದಲ್ಲಿ ಮೋಸ ಮಾಡಲಿಲ್ಲ. ಈಗ ನಕ್ಷತ್ರದ ತೂಕದಲ್ಲಿ ಮಾಡಲಾ?" ಎಂದು ಇವರು ಅವನಿಗೆ ಚಹ ಕುಡಿಸಿ ಕಳಿಸಿದರು. ಎಲ್ಲರೂ ಹೀಗೆ ಕಳಿಸುತ್ತಾರೆಯೆ? 2017ರಲ್ಲಿ ಊಬಾ ಬಟ್ಲರ್ ಎಂಬ ಪತ್ರಕರ್ತ ಲಂಡನ್ನಿನಲ್ಲಿ ತಾನು ವಾಸವಿದ್ದ ತೋಟದ ಶೆಡ್ಡನ್ನೇ ರೆಸ್ಟೋರೆಂಟ್ ಎಂದು ನಂಬಿಸಿ, ಗೆಳೆಯರಿಂದ ಸುಳ್ಳು ವಿಮರ್ಶೆ ಬರೆಸಿ, ಟ್ರಿಪ್‌ಅಡ್ವೈಸರ್ ಪಟ್ಟಿಯಲ್ಲಿ ಅದನ್ನು ಇಡೀ ಲಂಡನ್ನಿಗೆ ಮೊದಲನೆಯ ಸ್ಥಾನಕ್ಕೇರಿಸಿದ. ಒಂದು ತುತ್ತನ್ನೂ ಬಡಿಸದ ಹೋಟೆಲು ಮಹಾನಗರದ ಶ್ರೇಷ್ಠ ಹೋಟೆಲಾಯಿತು! ಇತ್ತ ನಮ್ಮ ಮದ್ದೂರಿನಲ್ಲಿ ನಲವತ್ತು ವರ್ಷ ಬಡಿಸಿದ ಕೈ ಒಂದು ನಕ್ಷತ್ರದ ಕೈಯಾಯಿತು.

ಈ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಹಾರ್ವರ್ಡಿನ ಮೈಕೆಲ್ ಲೂಕಾ ಎಂಬ ವಿದ್ವಾಂಸ ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಯೆಲ್ಪ್ ಎಂಬ ತಾಣದಲ್ಲಿ ಒಂದು ನಕ್ಷತ್ರ ಏರಿದರೆ ವರಮಾನ ಶೇ. 5ರಿಂದ 9ರಷ್ಟು ಏರುತ್ತದೆ. ಆದರೆ ಈ ಪರಿಣಾಮ ಕಂಡದ್ದು ಒಂಟಿ ಹೋಟೆಲುಗಳಲ್ಲಿ, ನೂರಾರು ಶಾಖೆಗಳ ಕಂಪನಿ ಹೋಟೆಲುಗಳಲ್ಲಿ ಅಲ್ಲ. ದೊಡ್ಡವನನ್ನು ಅವನ ಜಾಹೀರಾತು ಕಾಯುತ್ತದೆ. ಸಣ್ಣವನನ್ನು ಕಾಯುವವರು ಯಾರು? ಸರ್ಕಾರ ಕೈಕಟ್ಟಿ ಕುಳಿತಿಲ್ಲ, ನಿಜ. ಮಾರಾಟಗಾರ ತಾನೇ ಗ್ರಾಹಕನ ವೇಷ ಹಾಕಿ ವಿಮರ್ಶೆ ಬರೆಯಬಾರದೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳಿದವು. ವಿಮರ್ಶೆ ಬರೆದವನು ಅಸಲಿ ಗ್ರಾಹಕನೇ ಎಂದು ಪರೀಕ್ಷಿಸುವ ಮಾನದಂಡವನ್ನು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಹೊರಡಿಸಿತು. ಆದರೆ ಹೊರಡಿಸುವಾಗಲೇ, ಪಾಲಿಸುವುದು ಬಿಡುವುದು ಕಂಪನಿಗಳ ಇಚ್ಛೆ ಎಂದುಬಿಟ್ಟರು. ಕಳ್ಳನ ಇಚ್ಛೆಗೆ ಬಿಟ್ಟ ಬೀಗ!

ಹೀಗೆ ತೋರಿಕೆಗೆ ಬೆಲೆ ಕಟ್ಟುತ್ತ ಹೋದರೆ ಏನಾಗುತ್ತದೆಂದು ಮಂಡ್ಯದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಮ್ಮ ಆಲೆಮನೆಗಳನ್ನು ನೋಡಿ. ಸುಣ್ಣ, ಬೆಂಡೆಯ ಲೋಳೆ ಹಾಕಿ ಕೊಳೆ ತೆಗೆದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ. ಪೇಟೆಯವರು ಹಳದಿ ಬಣ್ಣದ, ಹೊಳೆಯುವ ಬೆಲ್ಲವನ್ನೇ ಒಳ್ಳೆಯದೆಂದು ಕೊಳ್ಳತೊಡಗಿದರು. ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಬಿತ್ತು. ನಾಲಗೆಗೆಂದು ಮಾಡುತ್ತಿದ್ದ ಬೆಲ್ಲ ಕಣ್ಣಿಗೆಂದು ಮಾಡುವ ಬೆಲ್ಲವಾಯಿತು. ಇಂದು ಹೋಟೆಲುಗಳಲ್ಲಿ ನಡೆಯುತ್ತಿರುವುದೂ ಇದೇ. ಅಡುಗೆಮನೆಗೆ ಖರ್ಚು ಮಾಡುವ ಬದಲು ಫೋಟೊ ತೆಗೆಯುವ ಗೋಡೆಗೆ ಖರ್ಚು ಮಾಡುತ್ತಾರೆ. ಹೊಟ್ಟೆ ತುಂಬಿದವನಿಗೆ ಬಿಲ್ಲಿನ ಜತೆ 'ಸಾರ್, ಐದು ನಕ್ಷತ್ರ ಕೊಡಿ' ಎಂಬ ಬೇಡಿಕೆಯನ್ನೂ ಚಾಚುತ್ತಾರೆ. ನಕ್ಷತ್ರವೆಂದರೆ ವ್ಯಾಪಾರದ ಹೈಡ್ರೋಸ್.

ವ್ಯಾಪಾರದ ಗಡಿ ದಾಟಿ ಈ ಚಾಳಿ ಎಲ್ಲಿಗೆಲ್ಲ ನುಗ್ಗಿದೆ ನೋಡಿ. ಮಸೀದಿಗೆ, ದೇವಸ್ಥಾನಕ್ಕೆ, ಆಸ್ಪತ್ರೆಗೆ, ಕೊನೆಗೆ ಸ್ಮಶಾನಕ್ಕೂ ನಕ್ಷತ್ರ! ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಗೆ ಬೇಸಿಗೆಯಲ್ಲಿ ಬಂದವನು ನೀರು ಕಡಿಮೆಯೆಂದು ಕಾವೇರಿಗೇ ಅಂಕ ಕಡಿಯುತ್ತಾನೆ. ಕೊಡಗಿನ ಮಳೆ, ಕನ್ನಂಬಾಡಿಯ ಗೇಟು, 1902ರಿಂದ ವಿದ್ಯುತ್ತಿಗಾಗಿ ತಿರುಗುತ್ತಿರುವ ನೀರು ಇವೆಲ್ಲ ಅವನಿಗೆ ಬೇಡ. ಕೊಟ್ಟ ಪೆಟ್ರೋಲಿನ ದುಡ್ಡಿಗೆ ತಕ್ಕ ಜಲಪಾತ ಬೇಕು. ಅಲ್ಲೇ ಹಜ್ರತ್ ಮರ್ದಾನೆ ಗೈಬ್ ದರ್ಗಾ ಇದೆ. ಎಲ್ಲ ಜಾತಿಯವರೂ ಹರಕೆ ಹೊತ್ತು ಬರುವ ತಾಣ. ಉರ್ದುವಿನಲ್ಲಿ ಗೈಬ್ ಎಂದರೆ ಕಣ್ಣಿಗೆ ಕಾಣದ್ದು. ಕಾಣದ ವಲಿಯ ಮುಂದೆ ತಲೆಬಾಗುತ್ತಿದ್ದ ನಾವು ಈಗ ಕಾಣದ ಗಿರಾಕಿಯ ಮುಂದೆ ಬಾಗುತ್ತಿದ್ದೇವೆ!

ಇನ್ನು ನಮ್ಮ ಕಾಲದ ದೊಡ್ಡ ಕಾಯಿಲೆಯ ಮಾತು. 2019ರಲ್ಲಿ ಮಧ್ಯಪ್ರದೇಶದ ಜಬಲ್‌ಪುರದಲ್ಲಿ ಒಬ್ಬ ಗ್ರಾಹಕ, ಊಟ ತರುವ ಹುಡುಗ ಹಿಂದೂ ಅಲ್ಲವೆಂದು ಜೊಮಾಟೊ ಆರ್ಡರನ್ನು ರದ್ದುಮಾಡಿದ. ಅನ್ನಕ್ಕೆ ಧರ್ಮವಿಲ್ಲವೆಂದು ಕಂಪನಿ ಉತ್ತರಿಸಿತು. ಸಿಟ್ಟಾದ ಸಾವಿರಾರು ಜನ ಆ ಆ್ಯಪಿಗೆ ಒಂದೊಂದು ನಕ್ಷತ್ರ ಹಾಕಿದರು. ಅವರು ಅಳೆದದ್ದು ಊಟದ ರುಚಿಯನ್ನೆ? ಅಂಗಡಿಯ ಫಲಕದಲ್ಲಿ ಹೆಸರು ಓದಿ ದೂರ ಸರಿಯುವುದು ಎಲ್ಲರ ಕಣ್ಣಿಗೆ ಬೀಳುವ ತಾರತಮ್ಯ. ಅದನ್ನು ಪ್ರಶ್ನಿಸಬಹುದು. 2024ರ ಜುಲೈಯಲ್ಲಿ ಉತ್ತರ ಪ್ರದೇಶದ ಕಾಂವಡ್ ಯಾತ್ರೆಯ ದಾರಿಯ ಅಂಗಡಿಗಳು ಮಾಲೀಕರ ಹೆಸರು ಬರೆಯಬೇಕೆಂಬ ಆದೇಶ ಹೊರಟಾಗ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆದರೆ 'ಬಿರಿಯಾನಿ ಹಳಸಿತ್ತು' ಎಂಬ ಮಾತಿನೊಳಗೆ ಅಡಗಿ ಕುಳಿತ ದ್ವೇಷಕ್ಕೆ ಯಾವ ಕೋರ್ಟು ತಡೆ ಕೊಡಬಲ್ಲದು?

ಇದಕ್ಕೆ ಮದ್ದು ನಮ್ಮ ಊರುಗಳಲ್ಲೇ ಇದೆ. 2022ರ ಯುಗಾದಿಯ ಹೊತ್ತಿಗೆ, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಅಬ್ಬರದ ಪ್ರಚಾರ ನಡೆಯಿತು. ಆಗಲೂ ಹಳೆಯ ಅಂಗಡಿಗೇ ಬಂದು ಸಾಲಿನಲ್ಲಿ ನಿಂತ ಒಕ್ಕಲು ಮಕ್ಕಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರೇನು ಜಾತ್ಯತೀತತೆಯ ಭಾಷಣ ಕೇಳಿ ಬಂದವರಲ್ಲ. ಆ ಸಾಬರ ಕೈ ಗೊತ್ತಿತ್ತು, ತೂಕ ಗೊತ್ತಿತ್ತು, ಕಷ್ಟಕಾಲದಲ್ಲಿ ಕೊಟ್ಟ ಕಡ ಗೊತ್ತಿತ್ತು. ಬಲ್ಲವರ ನಡುವೆ ಸುಳ್ಳು ಸಾಕ್ಷಿ ನಿಲ್ಲುವುದಿಲ್ಲ. ಆ ಬಲ್ಲತನವನ್ನು ಅಳಿಸಿ ಅದರ ಜಾಗದಲ್ಲಿ ನಕ್ಷತ್ರವನ್ನು ಕೂರಿಸುವುದೇ ನಮ್ಮ ಭಯಕ್ಕೆ ಕಾರಣ.

ಮೊಬೈಲನ್ನು ಹೊಳೆಗೆಸೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಪರಊರಿನಲ್ಲಿ ಶುಚಿಯಾದ ಶೌಚಾಲಯ ಹುಡುಕುವ ಹೆಣ್ಣುಮಗಳಿಗೆ, ದೊಡ್ಡ ಆಸ್ಪತ್ರೆಯಲ್ಲಿ ಸುಲಿಗೆಗೊಳಗಾದ ಬಡವನಿಗೆ ಅದೊಂದು ಬಾಯಿ. ಆ ಬಾಯಿ ಇರಲಿ, ಜತೆಗೆ ಮುಖವೂ ಇರಲಿ. ಬರೆಯುವ ಮೊದಲು ಅಂಗಡಿಯವನಿಗೆ ಮುಖಾಮುಖಿ ಹೇಳಿ. ಬರೆದರೆ ಕನ್ನಡದಲ್ಲಿ ಬರೆಯಿರಿ, ಯಾರ ಮೇಲೆ ಬರೆದಿರೋ ಅವನು ಓದಲಿ. ಅಲ್ಲಿಗೆ ಹೋದದ್ದಕ್ಕೆ ಬಿಲ್ಲಿನ ಗುರುತಿಲ್ಲದ ಮಾತನ್ನು ಕಂಪನಿಗಳು ಪ್ರಕಟಿಸದಿರಲಿ. ಆರೋಪ ಹೊತ್ತವನು ತನ್ನ ಭಾಷೆಯಲ್ಲೇ ಉತ್ತರಿಸುವ ದಾರಿ ತೆರೆಯಲಿ. ಕಥೆ ಬರೆಯುವ ನಮ್ಮನ್ನೂ ವಿಮರ್ಶಕರು ಹಿಗ್ಗಾಮುಗ್ಗಾ ಬೈದಿದ್ದಾರೆ, ಆದರೆ ಕೆಳಗೆ ತಮ್ಮ ಹೆಸರು ಹಾಕಿ, ಕಾರಣ ಕೊಟ್ಟು.

ನಮ್ಮವರಿಗೂ ಒಂದು ಮಾತು. ಭಾವಮೈದುನನ ಅಂಗಡಿಯೆಂದು ತಿನ್ನದೆಯೇ ಐದು ನಕ್ಷತ್ರ ಒತ್ತುವುದೂ ಸುಳ್ಳು ಸಾಕ್ಷಿಯೇ. ಅದಕ್ಕೆ ಜಮಾತಿನ ಅಭಿಮಾನವೆಂಬ ಹೆಸರಿಟ್ಟರೆ ಗುಣ ಬದಲಾಗದು.

ಮದ್ದೂರಿನ ಆ ಹುಡುಗ ಮೊನ್ನೆ ಒಂದು ಕೆಲಸ ಮಾಡಿದ್ದ. ಎದುರಿನ ಹೋಟೆಲಿನವರೇ ತಮ್ಮ ವಿರುದ್ಧ ಬರೆಸಿದ್ದೆಂದು ಗುಮಾನಿ ಪಟ್ಟು ಆ ಹೋಟೆಲಿಗೂ ಒಂದು ನಕ್ಷತ್ರ ಒತ್ತಿಬಿಟ್ಟಿದ್ದ. ವಿಷಯ ತಿಳಿದ ಯಜಮಾನರು ಕೈಗೆ ಇನ್ನೂರು ರೂಪಾಯಿ ಕೊಟ್ಟು, "ಮೊದಲು ಹೋಗಿ ಉಂಡು ಬಾ, ಆಮೇಲೆ ಸಾಕ್ಷಿ ಹೇಳು" ಎಂದು ಕಳಿಸಿದರು. ಹುಡುಗ ಹೋದ, ಮುದ್ದೆ ಊಟ ಮಾಡಿದ, ಬಿಲ್ಲು ಕೊಟ್ಟ. ಬಂದವನು ಮೊಬೈಲು ತೆಗೆದು ತಾನು ಹಾಕಿದ್ದನ್ನು ಅಳಿಸಿದ.

"ಹೇಗಿತ್ತೋ?" ಎಂದು ನಾವು ಕೇಳಿದೆವು.

"ಸಾರು ನಮ್ಮದಕ್ಕಿಂತ ಚೆನ್ನಾಗಿತ್ತು ಚಾಚಾ" ಎಂದ.